ಎಲ್‌ಎಲ್ ಪರೀಕ್ಷೆಯಲ್ಲೂ ಹಾರ್ನ್ ಹೊಡೆಯುವವರು

ನಿನ್ನೆ ಸೈಬರ್ ಸೆಂಟರಿನಲ್ಲಿ ಕಂಡದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಎಲ್‌ಎಲ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸ್ ಪರೀಕ್ಷೆಗೆ ಬಂದ ಹುಡುಗ ಕ್ಯಾಮೆರಾ ಮುಂದೆ ಕೂತಿದ್ದ. ಏಜೆಂಟ್ ಸ್ವಲ್ಪ ಆಚೆ ನಿಂತು ‘ಎರಡನೇದು ಒತ್ತು, ಮೂರನೇದು ಒತ್ತು’ ಅನ್ನುತ್ತಿದ್ದ. ಹುಡುಗ ಒಂದು ಪ್ರಶ್ನೆಯನ್ನೂ ಓದಲಿಲ್ಲ. ಪಾಸಾದ. ಅವನಪ್ಪ ಖುಷಿಯಿಂದ ದುಡ್ಡು ಎಣಿಸಿ ಕೊಟ್ಟರು.

ಭಾನುವಾರ ನಾನು ನಮ್ಮ ಬೀದಿಯ ಮಕ್ಕಳಿಗೆ ಈ ಪ್ರಶ್ನೆಗಳನ್ನು ಹೇಳಿಕೊಡುವುದು ನಿಮಗೆಲ್ಲ ಗೊತ್ತೇ ಇದೆ. ಅವರು ಎಲ್ಲೆಲ್ಲಿ ಎಡವುತ್ತಾರೆ ಅಂತ ನನಗೆ ಈಗ ಬಾಯಿಪಾಠ. ಮಕ್ಕಳು ದಡ್ಡರಲ್ಲ. ರಸ್ತೆಯಲ್ಲಿ ದೊಡ್ಡವರನ್ನು ನೋಡಿ ಕಲಿತದ್ದನ್ನೇ ಸರಿ ಉತ್ತರ ಅಂದುಕೊಂಡಿದ್ದಾರೆ, ಅಷ್ಟೆ.

ಜೀಬ್ರಾ ಕ್ರಾಸಿಂಗ್ ಪ್ರಶ್ನೆಯನ್ನೇ ನೋಡಿ. ಜನ ದಾಟಲು ಕಾಯುತ್ತಿದ್ದಾರೆ, ನೀವೇನು ಮಾಡಬೇಕು? ಹಾರ್ನ್ ಹೊಡೆದು ಮುಂದೆ ಹೋಗುವುದು. ನಿಧಾನ ಮಾಡಿ, ಹಾರ್ನ್ ಹೊಡೆದು ಹೋಗುವುದು. ಗಾಡಿ ನಿಲ್ಲಿಸಿ, ಅವರು ದಾಟಿದ ಮೇಲೆ ಹೋಗುವುದು. ಮಕ್ಕಳು ಎರಡನೆಯದನ್ನೇ ಆರಿಸುತ್ತಾರೆ. ತಪ್ಪು ಅಂದರೆ ‘ನಿಧಾನ ಮಾಡಿದೆನಲ್ಲ ಆಂಟಿ’ ಅಂತ ವಾದಕ್ಕೆ ಬೇರೆ ಬರುತ್ತಾರೆ. ನಿಂತವರಿಗಾಗಿ ಗಾಡಿ ನಿಲ್ಲಿಸಿದ್ದನ್ನು ಪಾಪ ಅವರು ಯಾವತ್ತೂ ಕಂಡೇ ಇಲ್ಲ. ಬಿಳಿ ಕೋಲು ಹಿಡಿದ ಅಂಧರು ದಾಟುವಾಗ ಆ ಕೋಲನ್ನೇ ನಿಲ್ಲುವ ಸಿಗ್ನಲ್ ಅಂತ ತಿಳಿದು ಗಾಡಿ ನಿಲ್ಲಿಸಬೇಕು. ಅಲ್ಲೂ ಇವರ ಬೆರಳು ಹಾರ್ನ್ ಮೇಲೇ ಹೋಗುತ್ತದೆ. ಕಣ್ಣು ಕಾಣದವರ ಹತ್ತಿರ ಬಂದು ಹಾರ್ನ್ ಹೊಡೆದರೆ ಅವರು ಯಾವ ಕಡೆ ಸರಿಯಬೇಕು ಹೇಳಿ?

ಇನ್ನೊಂದು, ಸಿಗ್ನಲ್ಲೂ ಇಲ್ಲದ, ಪೊಲೀಸೂ ಇಲ್ಲದ ಕ್ರಾಸ್. ಯಾರಿಗೆ ದಾರಿ ಬಿಡಬೇಕು? ‘ದೊಡ್ಡ ಗಾಡಿಗೆ’ ಅನ್ನುತ್ತಾನೆ ಒಬ್ಬ. ‘ಯಾರು ಮೊದಲು ನುಗ್ಗುತ್ತಾರೋ ಅವರಿಗೆ’ ಅನ್ನುತ್ತಾಳೆ ಇನ್ನೊಬ್ಬಳು. ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕು. ನಾವು ಎಡಕ್ಕೆ ಓಡಿಸುವವರು. ಹಾಗಾಗಿ ಕ್ರಾಸಿಗೆ ಕಾಲಿಟ್ಟ ಕೂಡಲೇ ನಮಗೆ ಮೊದಲು ಅಡ್ಡ ಬರುವುದು ಬಲಗಡೆಯ ಗಾಡಿಯೇ. ಹಾಳೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದರೆ ಐದನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ. ‘ಮೂರನೇದು ಒತ್ತು’ ಅಂದರೆ ಏನು ಗೊತ್ತಾಗುತ್ತದೆ?

ಆಗುಂಬೆಯಂಥ ಘಾಟಿಯಲ್ಲೂ ಇದೇ ಕತೆ. ದಾರಿ ಕಿರಿದಾದ ಕಡೆ ಇಳಿಯುವವರು ನಿಂತು, ಹತ್ತುವವರಿಗೆ ಜಾಗ ಬಿಡಬೇಕು. ಲೋಡ್ ಇರುವ ಗಾಡಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎತ್ತುವುದು ಕಷ್ಟ, ಹಿಂದಕ್ಕೆ ಜಾರುತ್ತದೆ. ಕಾರಣ ಹೇಳಿದ ಮೇಲೆ ಒಬ್ಬರೂ ಈ ಪ್ರಶ್ನೆ ತಪ್ಪಿಲ್ಲ.

ಗುರುತುಗಳಲ್ಲಂತೂ ಗೊಂದಲ ಜಾಸ್ತಿ. ನೀಲಿ ವೃತ್ತದ ಮೇಲೆ ಒಂದೇ ಕೆಂಪು ಗೆರೆ ಇದ್ದರೆ ಪಾರ್ಕಿಂಗ್ ಇಲ್ಲ, ಎರಡು ಗೆರೆ ಅಡ್ಡಡ್ಡ ಇದ್ದರೆ ನಿಲ್ಲಿಸುವ ಹಾಗೇ ಇಲ್ಲ. ಹಳದಿ ದೀಪ ಮಿನುಗುತ್ತಿದ್ದರೆ ನಿಧಾನವಾಗಿ, ನೋಡಿಕೊಂಡು ಹೋಗಬೇಕು. ಕೆಂಪು ಮಿನುಗುತ್ತಿದ್ದರೆ ಪೂರ್ತಿ ನಿಂತು, ದಾರಿ ಸರಿಯಿದೆ ಅಂತ ನೋಡಿ ಆಮೇಲೆ ಹೋಗಬೇಕು. ಮಕ್ಕಳಿಗೆ ಎರಡೂ ಒಂದೇ. ರಾತ್ರಿ ಹೊತ್ತು ದೊಡ್ಡವರಿಗೂ ಒಂದೇ, ಅಲ್ವಾ?

‘ರೋಡಲ್ಲಿ ಯಾರು ರೂಲ್ಸ್ ಪಾಲಿಸ್ತಾರೆ? ಜೀಬ್ರಾ ಹತ್ತಿರ ನಿಂತರೆ ಹಿಂದಿನವನು ಬಂದು ಗುದ್ತಾನೆ’ ಅಂತ ಆ ಅಪ್ಪ ನನಗೇ ಬುದ್ಧಿ ಹೇಳಿದರು. ಗುದ್ದುತ್ತಾನೆ, ನಿಜ. ಯಾಕೆಂದರೆ ಅವನಿಗೂ ಯಾರೋ ಹೀಗೇ ಪಕ್ಕದಲ್ಲಿ ನಿಂತು ಪಾಸು ಮಾಡಿಸಿದ್ದಾರೆ. ಪರೀಕ್ಷೆ ಕಷ್ಟ ಅನ್ನುವ ಮಾತಂತೂ ಸುಮ್ನೆ. ಕನ್ನಡದಲ್ಲೇ ಬರೆಯಬಹುದು, ನೂರಕ್ಕೆ 60 ಬಂದರೆ ಸಾಕು. ಎರಡು ಸಂಜೆ ಕೂತು ಓದಿದರೆ ಆಗುವ ಕೆಲಸಕ್ಕೆ ಏಜೆಂಟ್ ಯಾಕೆ ಬೇಕು?

ಈ ಪ್ರಶ್ನೆಗಳನ್ನು ಸರಿಯಾಗಿ ಕೂರಿಸಿ ಕೇಳುವುದು ಎಲ್‌ಎಲ್‌ನಲ್ಲಿ ಮಾತ್ರ. 30 ದಿನ ಕಳೆದರೆ ಡಿಎಲ್, ಅಂದರೆ ಪಕ್ಕಾ ಲೈಸೆನ್ಸ್ ಟೆಸ್ಟಿಗೆ ಹೋಗಬಹುದು. ಅಲ್ಲಿ ಬೈಕಿನಲ್ಲಿ ಎಂಟರ ಆಕಾರ ಹಾಕಿಸುತ್ತಾರೆ, ಕಾಲು ಊರದೆ ತಿರುಗಿಸಿದರೆ ಮುಗಿಯಿತು. ಬಲಗಡೆಯವರಿಗೆ ದಾರಿ ಬಿಡುತ್ತೀಯಾ ಅಂತ ಆಮೇಲೆ ಇಡೀ ಜನ್ಮದಲ್ಲಿ ಯಾರೂ ಕೇಳುವುದಿಲ್ಲ. ಕೇಳುವ ಆ ಒಂದೇ ಜಾಗದಲ್ಲೂ ಉತ್ತರವನ್ನು ದುಡ್ಡು ಕೊಟ್ಟು ಕೊಳ್ಳುತ್ತೇವೆ ಅಂದರೆ ನನಗೆ ಸಿಟ್ಟು ಬರದೆ ಇನ್ನೇನು?

ನಿಮ್ಮ ಮನೆಯಲ್ಲಿ ಎಲ್‌ಎಲ್‌ಗೆ ಹಾಕುವ ಮಕ್ಕಳಿದ್ದರೆ ಭಾನುವಾರ ಬೆಳಿಗ್ಗೆ ಕಳಿಸಿ. ದುಡ್ಡು ಬೇಡ, ಒಂದು ನೋಟ್‌ಬುಕ್ ಸಾಕು. ಅಪ್ಪ ಅಮ್ಮ ಜೊತೆಗೆ ಬಂದು ಕೂತರೆ ಇನ್ನೂ ಒಳ್ಳೆಯದು. ಜೀಬ್ರಾ ಪ್ರಶ್ನೆಯನ್ನು ಅವರಿಗೇ ಮೊದಲು ಕೇಳುತ್ತೇನೆ.