ಬಂದ ನಿಯಮ ವಾಪಸ್ ಹೋಗುವುದೇ ಇಲ್ಲ

ಯಾವ ಸರ್ಕಾರವೇ ಇರಲಿ, ಒಂದು ಅಧಿಕಾರ ಕೈಗೆ ಸಿಕ್ಕರೆ ಬಿಡುವ ಮಾತೇ ಇಲ್ಲ. ಯುದ್ಧ, ರೋಗ, ಗಲಭೆ ಅಂತ ಏನೋ ಒಂದು ಕಾರಣ ಹೇಳಿ ‘ಸ್ವಲ್ಪ ದಿನ ಸಹಿಸಿಕೊಳ್ಳಿ’ ಅನ್ನುತ್ತಾರೆ. ಕಾರಣ ಮುಗಿಯುತ್ತದೆ. ನಿಯಮ ಮಾತ್ರ ಕರೆಯದೇ ಬಂದ ನೆಂಟನ ಹಾಗೆ ಅಲ್ಲೇ ಕಾಲು ಚಾಚಿಕೊಂಡು ಕೂರುತ್ತದೆ.

ಬ್ರಿಟನ್ನಿನಲ್ಲಿ 1939ರಲ್ಲಿ ಯುದ್ಧಕ್ಕೆ ಅಂತ ಎಲ್ಲರಿಗೂ ಗುರುತಿನ ಚೀಟಿ ಕೊಟ್ಟರು. ಯುದ್ಧ 1945ರಲ್ಲೇ ಮುಗಿಯಿತು. ಆದರೂ 1950ರಲ್ಲಿ ಕಾರು ಓಡಿಸುತ್ತಿದ್ದ ಕ್ಲಾರೆನ್ಸ್ ವಿಲ್ಕಾಕ್ ಎಂಬಾತನನ್ನು ಪೊಲೀಸರು ನಿಲ್ಲಿಸಿ ಚೀಟಿ ಕೇಳಿದರು. ಆತ ತೋರಿಸಲ್ಲ ಅಂದ. ಕೇಸು ಬಿತ್ತು. ಕಾನೂನು ಇನ್ನೂ ಜಾರಿಯಲ್ಲಿದೆ ಅಂತ ಕೋರ್ಟು ಆತನದ್ದೇ ತಪ್ಪು ಅಂದಿತು. ಆದರೆ ಸುಮ್ಮಸುಮ್ಮನೆ ಚೀಟಿ ಕೇಳುವ ಪೊಲೀಸರ ಚಾಳಿಯನ್ನೂ ನ್ಯಾಯಾಧೀಶರು ಟೀಕಿಸಿದರು. ಆಮೇಲೆ, 1952ರಲ್ಲಿ, ಚೀಟಿ ತೊಲಗಿತು. ಅಷ್ಟಕ್ಕೇ ಏಳು ವರ್ಷ!

ಇದಕ್ಕಿಂತ ಜಾಸ್ತಿ ಮೈ ಉರಿಯುವುದು, ಇಂಥ ತಪಾಸಣೆ ಬೇಡ ಅಂದವರಿಗೆ ಹೇಳುವ ಇನ್ನೊಂದು ಮಾತಿಗೆ. ‘ಮುಚ್ಚಿಡೋಕೆ ಏನೂ ಇಲ್ಲದಿದ್ದರೆ ನಿಮಗ್ಯಾಕೆ ಭಯ?’ ಹಾಗೆ ಕೇಳುವವರು ತಮ್ಮ ಫೋನಿನ ಲಾಕ್ ತೆಗೆದು ನನ್ನ ಕೈಗೆ ಕೊಡುತ್ತಾರಾ? ಕೊಡಲ್ಲ. ಕೊಡಬೇಕಾಗಿಯೂ ಇಲ್ಲ ಬಿಡಿ.

ಕಾನೂನೇ ಬೇಡ ಅಂತ ನಾನು ಹೇಳುತ್ತಿಲ್ಲ. ತುರ್ತು ಅಂತ ತಂದ ನಿಯಮಕ್ಕೆ ಮುಗಿಯುವ ದಿನಾಂಕವನ್ನೂ ಅಲ್ಲೇ ಬರೆಯಿರಿ, ಅಷ್ಟೇ. ನಾವು ಕೊಡುವ ಅರ್ಜಿಗಳಿಗೆ ಕೊನೇ ದಿನಾಂಕ ಹಾಕೋಕೆ ಮಾತ್ರ ಯಾವತ್ತೂ ಮರೆಯಲ್ಲ, ಅಲ್ವಾ?