ಅದು ಬಂದಳಿಕೆಯಲ್ಲ, ಅಪ್ಪುಗಿಡ

ಪಶ್ಚಿಮ ಘಟ್ಟದ ಮಳೆಕಾಡುಗಳ ಕುರಿತ ತಮ್ಮ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಮರದ ಕೊಂಬೆಗಳ ಮೇಲೆ ಬೆಳೆಯುವ ಪೆಪೆರೋಮಿಯ ಟೆಟ್ರಾಫಿಲ್ಲ ಎಂಬ ಪುಟ್ಟ ಸಸ್ಯವನ್ನು ತಾವು ‘ಬಂದಳಿಕೆ’ ಎಂದು ಕರೆದಿರುವುದು ಸರಿಯಲ್ಲ. ಬಂದಳಿಕೆಯು ಆಶ್ರಯ ಕೊಟ್ಟ ಮರದೊಳಕ್ಕೇ ಬೇರಿಳಿಸಿ ಅದರ ನೀರನ್ನೂ ಲವಣಗಳನ್ನೂ ಹೀರುತ್ತದೆ. ನಮ್ಮ ಮೈಸೂರಿನ ಸುತ್ತಲಿನ ಮಾವಿನ ತೋಪುಗಳವರಿಗೆ ಅದರ ಕಾಟ ಚೆನ್ನಾಗಿ ಗೊತ್ತು. ಪೆಪೆರೋಮಿಯವಾದರೋ ತೊಗಟೆಯ ಮೇಲಿನ ಪಾಚಿಯಲ್ಲಿಯೂ ಅಲ್ಲಿ ಸೇರಿಕೊಂಡ ತರಗೆಲೆಯ ಪುಡಿಯಲ್ಲಿಯೂ ಬೇರು ಹರಡಿ, ಮಳೆ ಮತ್ತು ಮಂಜು ಕೊಡುವ ನೀರಿನಲ್ಲೇ ಬದುಕುವ ಅಪ್ಪುಗಿಡ. ಮರದಿಂದ ಅದು ಪಡೆಯುವುದು ನಿಲ್ಲಲು ಜಾಗವನ್ನಷ್ಟೇ.

ಇದು ಕರಿಮೆಣಸಿನ ಕುಟುಂಬಕ್ಕೆ ಸೇರಿದೆ ಎಂಬ ಸಂಗತಿಯನ್ನು ಲೇಖನದಲ್ಲಿ ಹೇಳಬಹುದಿತ್ತು. ಇಲಿಬಾಲದಂತೆ ನೆಟ್ಟಗೆ ನಿಲ್ಲುವ ಇದರ ತೆನೆಯಲ್ಲಿ ದಳಗಳೇ ಇಲ್ಲದ ಅತಿಸೂಕ್ಷ್ಮ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಕಾಂಡದ ಗಿಣ್ಣುಗಳಲ್ಲಿ ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಸುತ್ತುಗಟ್ಟುವ, ಬೆರಳಿನ ಉಗುರಿನಷ್ಟು ಗಾತ್ರದ ದಪ್ಪ ಎಲೆಗಳಿಂದಲೇ ಇದಕ್ಕೆ ‘ನಾಲ್ಕೆಲೆಯದು’ ಎಂಬ ಅರ್ಥದ ಲ್ಯಾಟಿನ್ ಹೆಸರು ಬಂದಿದೆ. ಎಲೆಯ ಮೇಲ್ಪದರದ ಕೆಳಗಿರುವ ಬಣ್ಣವಿಲ್ಲದ ಜೀವಕೋಶಗಳು ನೀರನ್ನು ಕೂಡಿಟ್ಟುಕೊಳ್ಳುವುದರಿಂದ, ಮಣ್ಣಿನ ಆಸರೆಯಿಲ್ಲದ ಈ ಗಿಡ ಮಳೆ ನಿಂತ ದಿನಗಳನ್ನು ತಾಳಿಕೊಳ್ಳಬಲ್ಲದು.

ಕಾಡಿಗೆ ಹೋಗಲಾಗದವರು ಇದರ ಬಳಗದ ಇನ್ನೊಂದು ಗಿಡವನ್ನು ಇಲ್ಲಿಯೇ ಕಾಣಬಹುದು. ಮಳೆಗಾಲದಲ್ಲಿ ನಮ್ಮ ಹಿತ್ತಲಿನ ನೆರಳಿನ ಕುಂಡಗಳಲ್ಲಿ ಕರೆಯದೇ ಬರುವ, ಗಾಜಿನಂತಹ ಕಾಂಡದ ಕಳೆಯೇ ಪೆಪೆರೋಮಿಯ ಪೆಲ್ಲುಸಿಡ. ಅದು ಉಷ್ಣವಲಯದ ಅಮೆರಿಕದಿಂದ ಬಂದದ್ದು, ನೆಲದಲ್ಲೇ ಬೇರೂರುವಂಥದ್ದು. ನಾನಂತೂ ಅದನ್ನು ಕೀಳುವುದನ್ನು ಬಿಟ್ಟಿದ್ದೇನೆ.