ಮುತ್ಯಾನ ಬೆರಳು

ವಯಸ್ಸಾದವರಿಗೆ ಇಂಟರ್ನೆಟ್ ಒಗ್ಗುವುದಿಲ್ಲ ಎನ್ನುವವರೆಲ್ಲ ಅವರ ತಲೆಯನ್ನೇ ದೂರುತ್ತಾರೆ, ಬೆರಳನ್ನು ನೋಡುವುದಿಲ್ಲ. ಸಿಂಧನೂರು, ಸಿರುಗುಪ್ಪ ಕಡೆ ವರ್ಷಗಟ್ಟಲೆ ಭತ್ತ ಹಚ್ಚಿ, ಹತ್ತಿ ಬಿಡಿಸಿ ಜಡ್ಡುಗಟ್ಟಿದ ಬೆರಳು ಅದು. ಟಚ್ ಫೋನಿಗೆ ಒತ್ತುವ ಬಲ ಬೇಕಾಗಿಲ್ಲ. ಚರ್ಮ ಸೋಕಿದಾಗ ಆಗುವ ಸಣ್ಣ ವಿದ್ಯುತ್ ಬದಲಾವಣೆ ಸಾಕು. ಒಣಗಿದ ದಪ್ಪ ತೊಗಲಲ್ಲಿ ಅದೇ ಕಡಿಮೆ. ಅದರ ಮೇಲೆ ರಾಯಚೂರಿನ ಬಿರುಬೇಸಿಗೆ, ಪರದೆಗೆ ಅಂಟಿಸಿದ ಅಗ್ಗದ ದಪ್ಪ ಗಾಜು.

ಆಗ ಮುತ್ಯಾ ಪಂಪ್‌ಸೆಟ್ ಸ್ಟಾರ್ಟರಿನ ಹಸಿರು ಗುಂಡಿ ಅದುಮಿದ ಹಾಗೆ ಒತ್ತಿ ಹಿಡಿಯುತ್ತಾನೆ. ಅರ್ಧ ಸೆಕೆಂಡಿನ ಆಸುಪಾಸು ದಾಟಿದರೆ ಫೋನಿಗೆ ಅದು ಬೇರೆಯೇ ಆಜ್ಞೆ: ಆ್ಯಪಿನ ಚಿತ್ರ ಕಿತ್ತುಕೊಂಡು ಜಾಗ ಬದಲಿಸುತ್ತದೆ. “ಯಾಕೋ ತಮ್ಮಾ, ವಾಟ್ಸಾಪ್ ಎಲ್ಲಿ ಹೋತು?” ಸೆಟ್ಟಿಂಗ್ಸಿನ ಆಕ್ಸೆಸಿಬಿಲಿಟಿಯಲ್ಲಿ ಒತ್ತಿ ಹಿಡಿಯುವ ಸಮಯ ಹೆಚ್ಚಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಬೆರಳ ತುದಿಗೆ ಒಂಚೂರು ನೀರಿನ ಪಸೆಯೂ ಸಾಕು. ಇನ್ನೊಂದು, ಫೋನನ್ನು ಮುಷ್ಟಿ ತುಂಬ ಹಿಡಿದರೆ ಹೆಬ್ಬೆರಳ ಬುಡ ಪರದೆಯ ಅಂಚಿಗೆ ತಾಗಿರುತ್ತದೆ, ಫೋನು ಅದನ್ನೂ ಬೆರಳೆಂದೇ ಎಣಿಸಬಹುದು. ಇತ್ತ ತೋರುಬೆರಳು ಎಷ್ಟು ಕುಟ್ಟಿದರೂ ಕೆಲಸವಾಗದು. ಇದನ್ನು ಮೊಮ್ಮಕ್ಕಳು ಗಮನಿಸುವುದೇ ಇಲ್ಲ. “ಕೊಡು ಇಲ್ಲಿ ಮುತ್ಯಾ” ಎಂದು ಕಸಿದು, ತಾವೇ ಮಾಡಿ, ವಾಪಸ್ ಕೊಟ್ಟು, ಬೆಂಗಳೂರಿನ ಬಸ್ ಹತ್ತುತ್ತಾರೆ. ಪಾಸ್‌ವರ್ಡೂ ಅವರ ಸಂಗಡವೇ ಹೋಗುತ್ತದೆ.

ಬೆರಳು ಬೇಡವಾದರೆ ಮೈಕ್ ಇದೆ. ಕೀಬೋರ್ಡಿನ ಧ್ವನಿ ಭಾಷೆ ಕನ್ನಡಕ್ಕೆ ಬದಲಾಗಿರಬೇಕು, ಇಲ್ಲವಾದರೆ “ದೊಡ್ಡಾಟ” ಎಂದದ್ದು ಇಂಗ್ಲಿಷಿನಲ್ಲಿ ಏನೇನೋ ಆಗಿ ಬೀಳುತ್ತದೆ. ಹಿರಿಯರು ನಡುವೆ ಉಸಿರು ತೆಗೆದುಕೊಂಡು ಮಾತಾಡುತ್ತಾರೆ. ಮಾತು ಮುಗಿಯಿತೆಂದು ಮೈಕ್ ಮುಚ್ಚಿಕೊಳ್ಳುತ್ತದೆ. ಹೇಳುವುದನ್ನು ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡು ಒಂದೇ ಉಸಿರಿಗೆ ಹೇಳಬೇಕು.

ರೊಕ್ಕದ ಭಯ ಮಾತ್ರ ಸೆಟ್ಟಿಂಗಿನಿಂದ ಹೋಗದು, ಹೋಗಲೂಬಾರದು. ಯುಪಿಐಯಲ್ಲಿ ರೊಕ್ಕ ಬರುವುದಕ್ಕೆ ಪಿನ್ ಬೇಡ, ಕೊಡುವುದಕ್ಕೆ ಬೇಕು. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಇಷ್ಟು ಬಾಯಿಪಾಠವಾದವರ ಕೈ ಅಷ್ಟಾಗಿ ನಡುಗುವುದಿಲ್ಲ.

ನವೆಂಬರಿನಲ್ಲಿ ಪಿಂಚಣಿದಾರರು ಬದುಕಿದ್ದಾರೆಂದು ತೋರಿಸುವ ಜೀವನ ಪ್ರಮಾಣ ಪತ್ರದ ಗದ್ದಲ. ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪದಿದ್ದರೆ ಈಗ ಮುಖ ತೋರಿಸಿಯೂ ಮುಗಿಸಬಹುದು, ಕಣ್ಣು ಮಿಟುಕಿಸು ಎಂದಾಗ ಮಿಟುಕಿಸಬೇಕು. ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತರೆ ಮುಖ ಕಪ್ಪಾಗಿ ಬೀಳುತ್ತದೆ. ಬೆಳಕಿನ ಕಡೆ ತಿರುಗಿ ಕೂರಬೇಕು, ಫೋನು ಕಣ್ಣಿನ ಮಟ್ಟಕ್ಕಿರಬೇಕು.